ಸತ್ಯಾಂಶ: ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ

"ಆಪರೇಷನ್‌ಗೆ ಮುಂಚೆ ಸಹಿ ಹಾಕಿದರೆ ಮುಗೀತು, ಏನೇ ಆದರೂ ಆಸ್ಪತ್ರೆ ಮೇಲೆ ಕೇಸ್ ಹಾಕೋಕಾಗಲ್ಲ." ಕೋಲಾರದ ಕಡೆ ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ತಪ್ಪು.

ಆ ಸಹಿಯ ಅರ್ಥ ಇಷ್ಟೇ: ಚಿಕಿತ್ಸೆಯ ಅಪಾಯ ತಿಳಿಸಿದ್ದಾರೆ, ನಾನು ಒಪ್ಪಿದ್ದೇನೆ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿಗೆ ಹಾಕಲು ಯಾರೂ ಒಪ್ಪಿರಲ್ಲ, ಅಲ್ವಾ? ಬರೀ ತಪಾಸಣೆಗೆ ಒಪ್ಪಿದ್ದ ಮಹಿಳೆಯ ಗರ್ಭಕೋಶವನ್ನೇ ತೆಗೆದಿದ್ದ ಪ್ರಕರಣವೊಂದಿತ್ತು. ಆ ಒಪ್ಪಿಗೆ ಇದಕ್ಕೆ ಸಾಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹಾಗಂತ ಕಾಯಿಲೆ ವಾಸಿಯಾಗದ್ದೆಲ್ಲ ಡಾಕ್ಟರ ತಪ್ಪಲ್ಲ. ನಿರ್ಲಕ್ಷ್ಯ ಆಗಿದೆ ಎಂದು ತೋರಿಸಬೇಕು. ಅದಕ್ಕೇ ಮೊದಲು ದಾಖಲೆ ಕೇಳಿ, ಬರವಣಿಗೆಯಲ್ಲೇ ಕೇಳಿ. 72 ಗಂಟೆಯೊಳಗೆ ಕೊಡಬೇಕು ಎಂಬ ನಿಯಮವಿದೆ. ಕೇಸ್ ಶೀಟ್, ಸ್ಕ್ಯಾನ್, ಬಿಲ್ಲು ಒಂದನ್ನೂ ಬಿಸಾಡಬೇಡಿ.

ಹಣ ಕೊಟ್ಟು ಪಡೆದ ಚಿಕಿತ್ಸೆಯಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಸಾಮಾನ್ಯವಾಗಿ 2 ವರ್ಷದೊಳಗೆ ಕೊಡಬೇಕು. ಕಟ್ಟಿದ ಬಿಲ್ಲು 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ನಮ್ಮವರು ಜಾಸ್ತಿ ಆಪರೇಷನ್‌ಗೆ ಹೋಗುವುದು ಬೆಂಗಳೂರಿಗೆ. ಆದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಇಲ್ಲಿ ವಾಸವಿರುವವರು ಕೋಲಾರದಲ್ಲೇ ದೂರು ಕೊಡಬಹುದು.