‘ಥೇಟ್ ಫೋಟೋ ಥರಾನೇ ಇದೆ’ ಅನ್ನೋದನ್ನ ದಯವಿಟ್ಟು ನಿಲ್ಲಿಸಿ

ಆ ಚಿತ್ರ ಮತ್ತೆ ಓಡಾಡ್ತಾ ಇದೆ. ಬೆಳಗ್ಗೆಯಿಂದ ಮೂವರು ಗೆಳೆಯರು ಹಂಚಿದ್ದಾರೆ. ಖಾಲಿ ಬೀದಿ, ಎರಡೂ ಬದಿಗೆ ಹಳೆಯ ಎತ್ತರದ ಕಟ್ಟಡಗಳು, ಇನ್ನೂ ಪೂರ್ತಿ ಹರಿಯದ ಬೆಳಕು, ಒಂದು ನರಪಿಳ್ಳೆಯೂ ಇಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಫೋಟೋ ಅಲ್ಲ, ಪೇಂಟಿಂಗ್!’ ಕೆಳಗೆ ಸಾಲುಸಾಲು ಬೆರಗು. ಬರೆದವರ ಹೆಸರಿಲ್ಲ, ಊರಿನ ಹೆಸರಿಲ್ಲ, ಇಸವಿ ಇಲ್ಲ. ಸಾಲದ್ದಕ್ಕೆ ಯಾರೋ ಬಣ್ಣವನ್ನೂ ಗಾಢ ಮಾಡಿಬಿಟ್ಟಿದ್ದಾರೆ. ಮಂಕು ಬೂದು ಇರಬೇಕಾದ ಆಕಾಶ ನೀಲಿಯಾಗಿ ಕೂತಿದೆ.

ಆ ಚಿತ್ರ ಬರೆದವರ ಹೆಸರು ಆಂಟೋನಿಯೋ ಲೋಪೆಜ್ ಗಾರ್ಸಿಯಾ. ಹುಟ್ಟಿದ್ದು 1936ರಲ್ಲಿ, ಸ್ಪೇನಿನ ಲಾ ಮಾಂಚಾ ಸೀಮೆಯ ತೊಮೆಯೋಸೋ ಎಂಬ ಊರಲ್ಲಿ. ಮೊದಲು ಕೈಹಿಡಿದು ತಿದ್ದಿದವರು ಚಿಕ್ಕಪ್ಪ ಆಂಟೋನಿಯೋ ಲೋಪೆಜ್ ತೊರ್ರೆಸ್, ಅವರೂ ಚಿತ್ರಕಾರರೇ. ಹದಿಮೂರನೇ ವಯಸ್ಸಿಗೆ ಹುಡುಗ ಮ್ಯಾಡ್ರಿಡ್ಡಿಗೆ ಬಂದ. ಚಿತ್ರದ ಹೆಸರು ‘ಗ್ರಾನ್ ವಿಯಾ’, ಮ್ಯಾಡ್ರಿಡ್ಡಿನ ದೊಡ್ಡ ಬೀದಿಯದೇ ಹೆಸರು. ಶುರುವಾದದ್ದು 1974ರಲ್ಲಿ, ಮುಗಿದದ್ದು 1981ರಲ್ಲಿ. ಏಳು ವರ್ಷ. ಈ ಏಳು ವರ್ಷಕ್ಕೆ ನಾವು ಕೊಡೋ ದೊಡ್ಡ ಮೆಚ್ಚುಗೆ ‘ಫೋಟೋ ಥರ ಇದೆ’ ಅನ್ನೋದಾದರೆ, ಅವರು ಏಳು ವರ್ಷ ಮಾಡಿದ್ದೇನು ಅಂತ ನಾವು ಒಂದು ಕ್ಷಣವೂ ಯೋಚಿಸಿಲ್ಲ ಅಂತ ಅರ್ಥ.

ಲೆಕ್ಕ ಹಾಕಿ ನೋಡಿ. ಆ ಬೆಳಕು ಬೇಸಿಗೆಯ ನಸುಕಿನದು. ಚಿತ್ರದೊಳಗಿನ ಗಡಿಯಾರ 6:30 ತೋರಿಸುತ್ತೆ. ಅಂಥ ಬೆಳಕು ನಿಲ್ಲೋದು ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಬಿಸಿಲು ಕಟ್ಟಡದ ತುದಿ ಮುಟ್ಟುತ್ತೆ, ನೆರಳಿನ ಬಣ್ಣ ಬದಲಾಗುತ್ತೆ, ಬಸ್ಸು ಕಾರು ಬರುತ್ತವೆ, ಗಂಟುಮೂಟೆ ಕಟ್ಟಲೇಬೇಕು. ದಿನಕ್ಕೆ 20 ನಿಮಿಷದಂತೆ ಒಂದು ತಿಂಗಳು ತಪ್ಪದೆ ಹೋದರೂ ಸಿಗೋದು 10 ಗಂಟೆ. ಮೋಡ ಕವಿದ ದಿನ ಅದರಲ್ಲೂ ಖೋತಾ. ಇನ್ನು ಸೂರ್ಯನೂ ಸುಮ್ಮನಿರಲ್ಲ. ಜೂನ್ ಕೊನೆಯಲ್ಲಿ ಮ್ಯಾಡ್ರಿಡ್ಡಿನ ಸೂರ್ಯೋದಯ ದಿನಕ್ಕೆ ಅರ್ಧ ನಿಮಿಷದಷ್ಟೂ ಸರಿಯಲ್ಲ. ಆಗಸ್ಟಿನಲ್ಲಿ ದಿನಕ್ಕೆ ಸುಮಾರು ಒಂದು ನಿಮಿಷ ತಡವಾಗುತ್ತಾ ಹೋಗುತ್ತೆ, ಹುಟ್ಟೋ ದಿಕ್ಕೂ ದಕ್ಷಿಣಕ್ಕೆ ಜರುಗುತ್ತೆ. ಹಾಗಾಗಿ ಆಗಸ್ಟಿನ 6:30 ಜೂನಿನ 6:30 ಆಗಿರಲ್ಲ. ಬೆಳಕು ಕೈಬಿಟ್ಟರೆ ಮುಂದಿನ ಬೇಸಿಗೆಗೆ ಕಾಯಬೇಕು. ಏಳು ವರ್ಷ ಹಿಡಿದದ್ದು ಕೈ ನಿಧಾನವಾಗಿದ್ದಕ್ಕಲ್ಲ. ಆ ಬೆಳಕು ವರ್ಷಕ್ಕೆ ಕೆಲವೇ ಗಂಟೆ ಸಿಗುತ್ತೆ, ಅಷ್ಟೇ.

ಇದರಲ್ಲಿ ತೊಂದರೆಗಳೋ ಸಾವಿರ. ನಸುಕಿನ ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಕಪ್ಪಾಗಿ ಕಾಣುತ್ತೆ, ನೀಲಿ ಎದ್ದು ಕಾಣುತ್ತೆ. ಅದೇ ಮಬ್ಬಿನಲ್ಲಿ ಪ್ಯಾಲೆಟ್ ಮೇಲೆ ಕಲಸಿದ ಬಣ್ಣ ಅಲ್ಲಿ ಸರಿಯಾಗೇ ಕಾಣುತ್ತೆ, ಮನೆಗೆ ತಂದು ಹಗಲಲ್ಲಿ ನೋಡಿದರೆ ಬೇರೆಯದೇ ಬಣ್ಣ. ಅದಕ್ಕೇ ಹೊರಗೆ ಕೂತು ಬರೆಯೋ ಬಹಳ ಜನ ಮುಖ್ಯ ಬಣ್ಣಗಳನ್ನ ಹಿಂದಿನ ದಿನವೇ ಕಲಸಿ ಇಟ್ಟುಕೊಳ್ತಾರೆ, ಬೆಳಗ್ಗೆ ಸಣ್ಣಪುಟ್ಟ ತಿದ್ದುಪಡಿ ಮಾತ್ರ. ಎಣ್ಣೆಬಣ್ಣ ನೀರು ಆರಿದ ಹಾಗೆ ಆರೋದೂ ಇಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ. ತೆಳು ಪದರಕ್ಕೆ ಕೆಲವು ದಿನ, ದಪ್ಪ ಪದರ ಒಳಗಿನ ತನಕ ಆರೋಕೆ ತಿಂಗಳುಗಳು. ಒಂದು ವರ್ಷ ಬಿಟ್ಟು ಬಂದಾಗ ಹಳೆಯ ಪದರದ ಎಣ್ಣೆ ಕೆಳಗಿಳಿದು ಕಡುಬಣ್ಣಗಳೆಲ್ಲ ಬೂದಿ ಬಳಿದ ಹಾಗೆ ಪೇಲವವಾಗಿರುತ್ತವೆ. ಆ ಪೇಲವಕ್ಕೇ ಹೊಸ ಬಣ್ಣ ಹೊಂದಿಸಿದಿರೋ, ಕೆಟ್ಟಿತು. ಮೊದಲು ಅಗಸೆ ಎಣ್ಣೆಯನ್ನ ಸವರಿ, ಹೆಚ್ಚಾದದ್ದನ್ನ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದು, ಹಳೆಯ ಬಣ್ಣ ತನ್ನ ಆಳಕ್ಕೆ ಮರಳಿದ ಮೇಲೇ ಹೊಸದನ್ನ ಕಲಸಬೇಕು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ತಿರುಗುಮುರುಗಾದರೆ ಮೇಲಿನ ಪದರ ಬೇಗ ಬಿಗಿದುಕೊಳ್ಳುತ್ತೆ, ಕೆಳಗಿನದು ಇನ್ನೂ ಮಿಸುಕಾಡ್ತಾ ಇರುತ್ತೆ, ಬಿರುಕು ಬಿಡುತ್ತೆ. ಕ್ಯಾಮೆರಾದ ಗುಂಡಿ ಒತ್ತೋದರಲ್ಲಿ ಈ ಯಾವ ಫಜೀತಿಯೂ ಇಲ್ಲ.

‘ಇಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಫೋಟೋ ಥರಾನೇ ಕಾಣುತ್ತಲ್ಲ’ ಅಂತೀರಿ. ಕಾಣುತ್ತೆ, ಮೊಬೈಲಿನಲ್ಲಿ! ಮೂಲ ಚಿತ್ರ ಹೆಚ್ಚುಕಡಿಮೆ ಚೌಕ, ಒಂದೊಂದು ಬದಿ 90 ಸೆಂಟಿಮೀಟರಿನ ಆಸುಪಾಸು. ನಿಮ್ಮ ಫೋನಿನ ಪರದೆ ಅಡ್ಡಕ್ಕೆ ಏಳು ಸೆಂಟಿಮೀಟರ್. ಹದಿಮೂರು ಪಟ್ಟು ಕುಗ್ಗಿಸಿ ನೋಡ್ತಾ ಇದ್ದೀರಿ. ಅರ್ಧ ಸೆಂಟಿಮೀಟರಿನ ಕುಂಚದ ಎಳೆ ಅರ್ಧ ಮಿಲಿಮೀಟರಿಗೂ ಸಣ್ಣದಾಗುತ್ತೆ, ಅಂಚುಗಳೆಲ್ಲ ತಾವಾಗೇ ಚೂಪಾಗುತ್ತವೆ. ಅದೇ ಕಲಾವಿದರ ‘ವಯೆಕಾಸ್ ಅಗ್ನಿಶಾಮಕ ಠಾಣೆಯ ಗೋಪುರದಿಂದ ಮ್ಯಾಡ್ರಿಡ್’ ತಗೊಳ್ಳಿ. 1990ರಿಂದ 2006ರ ತನಕ ಬರೆದದ್ದು, ಎರಡೂವರೆ ಮೀಟರ್ ಎತ್ತರ, ನಾಲ್ಕು ಮೀಟರಿಗೂ ಹೆಚ್ಚು ಅಗಲ. ಅದನ್ನ ಫೋನಿನಲ್ಲಿ ನೋಡೋದು ಸುಮಾರು 58 ಪಟ್ಟು ಕುಗ್ಗಿಸಿ ನೋಡಿದ ಹಾಗೆ. ಅಷ್ಟು ಕುಗ್ಗಿಸಿದರೆ ಎಷ್ಟು ಒರಟಾಗಿ ಬಳಿದ ಗೋಡೆಯೂ ನುಣ್ಣಗೆ ಕಾಣುತ್ತೆ. ಹತ್ತಿರದಿಂದ ನೋಡಿದರೆ ಕಾಣೋದೇ ಬೇರೆ: ಕೆರೆದು ತೆಗೆದ ಜಾಗ, ಅಳತೆಯ ಗೀಟುಗಳು, ಅರ್ಧಕ್ಕೇ ಬಿಟ್ಟ ಮೂಲೆಗಳು, ಒಂದು ಬಣ್ಣದ ಮೇಲೆ ಇನ್ನೊಂದು ವರ್ಷದ ಬಣ್ಣ.

ಈಗ ಅಳತೆಯ ವಿಷಯ. ಫೋಟೋ ಅಂದವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಲೆನ್ಸಿಗೆ ಒಂದೇ ಕಣ್ಣು, ಒಂದೇ ನಿಲುವು, ಒಂದೇ ಕ್ಷಣ. ಅಗಲವಾದ ನೋಟವನ್ನ ಸಪಾಟು ಹಾಳೆಗೆ ಇಳಿಸುವಾಗ ಅದು ಅಂಚುಗಳನ್ನ ಎಳೆಯುತ್ತೆ. ನಡುವಿನಿಂದ 45 ಡಿಗ್ರಿ ಪಕ್ಕಕ್ಕಿರೋ ವಸ್ತು ಅಡ್ಡಕ್ಕೆ ಎರಡರಷ್ಟು ಹಿಗ್ಗುತ್ತೆ. ಬೀದಿಯಲ್ಲಿ ನಿಂತವನು ಹಾಗೆ ನೋಡಲ್ಲ. ಕತ್ತು ತಿರುಗಿಸುತ್ತಾನೆ, ಒಂದೊಂದು ಕಟ್ಟಡವನ್ನೂ ಎದುರಾ ಎದುರು ಅಳೆಯುತ್ತಾನೆ. ಹಾಗೆ ಅಳೆದದ್ದನ್ನೆಲ್ಲ ಜೋಡಿಸಿದರೆ ನೇರ ಗೆರೆಗಳು ಬಾಗೋಕೆ ಶುರುವಾಗುತ್ತವೆ. ಆ ಬಾಗನ್ನ ಎಲ್ಲಿ ಉಳಿಸಬೇಕು, ಎಲ್ಲಿ ಅಡಗಿಸಬೇಕು ಅಂತ ಪ್ರತಿ ಗೆರೆಗೂ ತೀರ್ಮಾನ ಮಾಡಬೇಕು.

ಅಳೆಯೋದು ತೂಗುಗುಂಡಿನ ದಾರದಿಂದ, ಕೈವಾರದಿಂದ, ಚಾಚಿದ ಕೈಯಲ್ಲಿ ಹಿಡಿದ ಕುಂಚದ ಹಿಡಿಯಿಂದ. ಮೊಣಕೈ ಚೂರು ಮಡಚಿ, ಕಣ್ಣಿನಿಂದ 60 ಸೆಂಟಿಮೀಟರ್ ದೂರವಿದ್ದ ಕುಂಚ 57ಕ್ಕೆ ಬಂತು ಅನ್ನಿ, ಅಳತೆಯಲ್ಲಿ ನೂರಕ್ಕೆ ಐದು ತಪ್ಪು. ಹತ್ತು ಅಂತಸ್ತಿನ ಕಟ್ಟಡದಲ್ಲಿ ಅರ್ಧ ಅಂತಸ್ತೇ ಕಾಣೆಯಾಗೋಕೆ ಅಷ್ಟು ಸಾಕು. ಕಾಲು ಸರಿದರಂತೂ ಇನ್ನೂ ಕೆಟ್ಟದ್ದು. ಹತ್ತು ಸೆಂಟಿಮೀಟರ್ ಪಕ್ಕಕ್ಕೆ ನಿಂತರೆ ಐದು ಮೀಟರ್ ದೂರದ ದೀಪದ ಕಂಬ ಹಿಂದಿನ ಕಟ್ಟಡಗಳ ಎದುರು ಒಂದು ಡಿಗ್ರಿಗೂ ಹೆಚ್ಚು ಜರುಗುತ್ತೆ, ಎರಡು ಹುಣ್ಣಿಮೆ ಚಂದ್ರರನ್ನ ಪಕ್ಕಪಕ್ಕ ಇಟ್ಟಷ್ಟು. ವಿಕ್ಟರ್ ಎರಿಸೆ ಎಂಬ ಸ್ಪೇನಿನ ನಿರ್ದೇಶಕರು ಲೋಪೆಜ್ ಕೆಲಸ ಮಾಡೋದನ್ನೇ ಸಿನಿಮಾ ಮಾಡಿದರು. 1992ರಲ್ಲಿ ಕಾನ್ ಉತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ ಬಂತು. ಅದರಲ್ಲಿ ಮನೆಯಂಗಳದ ಕ್ವಿನ್ಸ್ ಹಣ್ಣಿನ ಗಿಡದ ಮುಂದೆ ಅವರು ಮೊದಲು ಮಾಡೋ ಕೆಲಸ ನೆಲಕ್ಕೆ ಮೊಳೆ ಹೊಡೆಯೋದು, ಪಾದದ ತುದಿ ದಿನಾ ಅಲ್ಲೇ ಬರಲಿ ಅಂತ. ಆಮೇಲೆ ಎಲೆ, ಹಣ್ಣುಗಳ ಮೇಲೇ ಬಿಳಿ ಬಣ್ಣದಲ್ಲಿ ಗುರುತು. ಹಣ್ಣು ದಿನದಿನಕ್ಕೆ ತೂಕ ಬಂದು ಕೆಳಗೆ ಜಗ್ಗುತ್ತೆ, ಗುರುತೂ ಜಗ್ಗುತ್ತೆ, ಅವರು ಮತ್ತೆ ಗುರುತು ಹಾಕ್ತಾರೆ. ಮಳೆ ಬಿಡಲ್ಲ. ಬಣ್ಣದ ಚಿತ್ರ ಕೈಬಿಟ್ಟು ಪೆನ್ಸಿಲ್ ಹಿಡೀತಾರೆ, ಅದೂ ಮುಗಿಯೋ ಮುಂಚೆ ಹಣ್ಣು ನೆಲಕ್ಕೆ ಬಿದ್ದು ಕೊಳೆಯುತ್ತೆ. ಫೋಟೋ ಬೇಕಿದ್ದವರು ಮೊದಲನೇ ದಿನವೇ ಫೋಟೋ ತೆಗೆದು ಒಳಗೆ ಹೋಗಿರ್ತಿದ್ದರು.

ಇನ್ನೊಂದು ಪುರಾವೆ. ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿರೋ 1967ರ ‘ವಾಶ್‌ಬೇಸಿನ್ ಮತ್ತು ಕನ್ನಡಿ’. ಮೇಲರ್ಧದ ಕನ್ನಡಿ, ಬಾಟಲಿಗಳನ್ನಿಟ್ಟ ಗಾಜಿನ ಹಲಗೆ ನೇರ ಎದುರಿಗೆ ನೋಡಿದ ಹಾಗಿದೆ. ಕೆಳಗಿನ ಬೇಸಿನ್ ತಲೆ ಬಗ್ಗಿಸಿ ನೋಡಿದ ಹಾಗಿದೆ. ಎರಡು ನೋಟಗಳು ಸೇರೋ ಕಡೆ ಅಡ್ಡಕ್ಕೊಂದು ಪಟ್ಟಿ, ಅವೆರಡರ ಹೊಲಿಗೆ. ಕನ್ನಡಿಯಲ್ಲಿ ಬರೀತಾ ಇರೋರ ಮುಖ ಇಲ್ಲ. ಇದರ ಮುಂದೆ ನಿಂತೂ ‘ಫೋಟೋ ಥರ’ ಅಂದರೆ ನನಗೆ ನಿಜವಾಗಿ ನೋವಾಗುತ್ತೆ. ಆ ಚಿತ್ರ ಲೆನ್ಸಿಗೆ ಆಗದ ಕೆಲಸವನ್ನ ಕಣ್ಣೆದುರೇ ಮಾಡಿ ತೋರಿಸ್ತಾ ಇದೆ.

‘ಫೋಟೋ ಇಟ್ಟುಕೊಂಡೂ ಅವರು ಬರೆದಿದ್ದಾರಲ್ಲ?’ ಅಂತ ತಿಳಿದವರು ಕೇಳ್ತಾರೆ. ಹೌದು. ಸ್ಪೇನಿನ ಆಗಿನ ದೊರೆ ಹುವಾನ್ ಕಾರ್ಲೋಸರ ಕುಟುಂಬದ ಚಿತ್ರಕ್ಕೆ ಫೋಟೋಗಳೇ ಆಧಾರ, ಆ ಐದು ಜನರನ್ನ ದಿನಾ ತಂದು ನಿಲ್ಲಿಸೋಕೆ ಆಗುತ್ತಾ! ಆದರೆ ಏನಾಯ್ತು? 1994ರಲ್ಲಿ ಶುರುವಾದದ್ದು 2014ರಲ್ಲಿ ಅರಮನೆ ಸೇರಿತು. ಇಪ್ಪತ್ತು ವರ್ಷ. ಫೋಟೋ ನಕಲು ಮಾಡೋದೇ ಕೆಲಸ ಆಗಿದ್ದರೆ ಕೆಲವು ತಿಂಗಳು ಸಾಕಿತ್ತು. ಚಿತ್ರದೊಳಗಿನ ಜನರನ್ನ ಸರಿಸಿ, ನಡುವಿನ ಅಂತರ ಬದಲಿಸಿ, ಮತ್ತೆ ಮತ್ತೆ ತಿದ್ದಿದ್ದರಲ್ಲೇ ವರ್ಷಗಳು ಹೋದವು. ಇನ್ನು ಫೋಟೋವನ್ನೇ ಗುರಿಯಾಗಿಟ್ಟುಕೊಂಡ ಅಮೆರಿಕದ ಫೋಟೋರಿಯಲಿಸ್ಟರ ದಾರಿಯೇ ಬೇರೆ. ಚಕ್ ಕ್ಲೋಸ್ ಫೋಟೋ ಮೇಲೆ ಚೌಕ ಹಾಕಿ ದೊಡ್ಡದು ಮಾಡುತ್ತಿದ್ದರು, ನಮ್ಮ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರ ಹಾಗೇ. ಅದು ಕಡಿಮೆಯ ಕೆಲಸ ಅಂತ ನಾನು ಹೇಳ್ತಿಲ್ಲ. ಆದರೆ ಎರಡನ್ನೂ ಒಂದೇ ಗೋಣಿಗೆ ತುಂಬಬೇಡಿ.

ಹೋಲಿಸಲೇಬೇಕಿದ್ದರೆ 1838ರಲ್ಲಿ ಪ್ಯಾರಿಸಿನ ಒಂದು ಬೀದಿಯನ್ನ, ಫೋಟೋಗ್ರಫಿ ಶುರುಮಾಡಿದವರಲ್ಲಿ ಒಬ್ಬರಾದ ಡಾಗೆರ್ ಹಿಡಿದ ಫೋಟೋಗೆ ಹೋಲಿಸಿ. ಬೆಳಕು ತಾಗಲು ನಿಮಿಷಗಟ್ಟಲೆ ಬೇಕಿತ್ತು, ಓಡಾಡೋ ಗಾಡಿ ಜನ ಎಲ್ಲ ಮಾಯವಾಗಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತವನೊಬ್ಬ ಉಳಿದ. ಗ್ರಾನ್ ವಿಯಾದಲ್ಲಿ ಏಳು ಬೇಸಿಗೆ ನಿಂತದ್ದು ಕಟ್ಟಡಗಳು ಮಾತ್ರ, ಹಾಗಾಗಿ ಉಳಿದದ್ದೂ ಅವೇ.

‘ಫೋಟೋ’ ಎಂಬ ಒಂದು ಪದ ಇದಕ್ಕಿಂತ ದೊಡ್ಡ ಅನ್ಯಾಯ ಮಾಡಿದ್ದು ಲೋಪೆಜ್ ಜೊತೆಯ ಚಿತ್ರಕಾರ ಹೆಣ್ಣುಮಕ್ಕಳಿಗೆ. ಮ್ಯಾಡ್ರಿಡ್ ರಿಯಲಿಸ್ಟರು ಅಂತ ಕರೆಯೋ ಗೆಳೆಯರ ಬಳಗದಲ್ಲಿ ಮರಿಯಾ ಮೊರೆನೊ (1961ರಲ್ಲಿ ಲೋಪೆಜ್ ಅವರನ್ನ ಮದುವೆಯಾದವರು), ಇಸಬೆಲ್ ಕಿಂತಾನಿಯಾ, ಅಮಾಲಿಯಾ ಅವಿಯಾ ಇದ್ದರು. ಕಿಂತಾನಿಯಾ ಅವರ ತಂದೆ ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರ ಇದ್ದವರು, 1941ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ತಾಯಿ ಬಟ್ಟೆ ಹೊಲಿದು ಮಕ್ಕಳನ್ನ ಸಾಕಿದರು. ಆ ಮಗಳು 1971ರಲ್ಲಿ ಬರೆದ ‘ತಾಯಿಗೆ ಗೌರವ’ ಚಿತ್ರದಲ್ಲಿ ತಾಯಿ ಇಲ್ಲ, ಹೊಲಿಗೆ ಯಂತ್ರ ಇದೆ. ‘ಅಬ್ಬಾ, ಯಂತ್ರ ನಿಜದ್ದೇ ಅನ್ನಿಸುತ್ತೆ’ ಅಂದು ಮುಂದೆ ಹೋದರೆ, ಯಂತ್ರದ ಮುಂದೆ ಯಾಕೆ ಯಾರೂ ಇಲ್ಲ ಅಂತ ಕೇಳೋದು ತಪ್ಪಿಹೋಗುತ್ತೆ. ಸಾಧಾರಣ ಗಾಜಿನ ಲೋಟವೊಂದನ್ನ ಅವರು ಮತ್ತೆ ಮತ್ತೆ ಬರೆದರು. ಕೊಂಡವರಲ್ಲಿ ಹೆಚ್ಚಿನವರು ಜರ್ಮನಿಯವರು. ಮ್ಯಾಡ್ರಿಡ್ಡಿನ ಥೈಸೆನ್ ಮ್ಯೂಸಿಯಂ ಅವರಿಗಾಗಿಯೇ ಒಂದು ಪೂರ್ಣ ಪ್ರದರ್ಶನ ಮಾಡಿದ್ದು 2024ರಲ್ಲಿ. ಅವರು ತೀರಿಕೊಂಡದ್ದು 2017ರಲ್ಲಿ. ಈ ಎರಡು ಇಸವಿಗಳ ಮಧ್ಯದ ಅಂತರ ನನ್ನ ಹೊಟ್ಟೆ ಉರಿಸುತ್ತೆ.

ಅವಿಯಾ ಕೂಡ ಯುದ್ಧಕ್ಕೆ ತಂದೆಯನ್ನ ಕಳೆದುಕೊಂಡವರೇ. ಬರೆದದ್ದು ಹಳೆಯ ಮ್ಯಾಡ್ರಿಡ್ಡಿನ ಮುಚ್ಚಿದ ಅಂಗಡಿಗಳು, ಇಳಿದ ಷಟರುಗಳು, ಗಾರೆ ಉದುರಿದ ಗೋಡೆ, ಅರ್ಧ ಹರಿದ ಪೋಸ್ಟರ್. ಬೂದು, ಕಂದು, ಒಂದೊಂದು ಕಡೆ ಮಾಸಿದ ಹಸಿರು. ಆ ಬಾಗಿಲುಗಳ ಮುಂದೆ ‘ಫೋಟೋ ಥರ’ ಅನ್ನೋಕೂ ಆಗಲ್ಲ, ಅಷ್ಟು ಒರಟು. ಅದಕ್ಕೇ ಇರಬೇಕು, ಅವರ ಚಿತ್ರ ಯಾರೂ ಹಂಚೋದಿಲ್ಲ.

‘ಹೊಗಳಿಕೆ ತಾನೇ, ಅದಕ್ಯಾಕೆ ಇಷ್ಟು ಸಿಟ್ಟು?’ ಅಂತ ಒಬ್ಬರು ಈಗಾಗಲೇ ಇನ್‌ಬಾಕ್ಸಿನಲ್ಲಿ ಕೇಳಿದ್ದಾರೆ. ಪ್ರತಿ ಜನವರಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲೂ ಇದೇ ಹೊಗಳಿಕೆ ಕೇಳಿಸುತ್ತೆ, ‘ಥೇಟ್ ಫೋಟೋ ಸಾರ್’. ಎದುರಿಗೆ ಕೂತ ಹುಡುಗಿ ನಗ್ತಾಳೆ, ಥ್ಯಾಂಕ್ಸ್ ಅಂತಾಳೆ. ಅದನ್ನೇ ಮೆಚ್ಚುಗೆ ಅಂತ ನಂಬಿ ಮುಂದಿನ ವರ್ಷ ಫೋನ್ ನೋಡ್ಕೊಂಡೇ ಬರೀತಾಳೆ. ಹೊಗಳಿಕೆಯಾದರೇನು, ಕೈ ಕೆಡಿಸೋ ಹೊಗಳಿಕೆ ಬೇಡ.

2021ರ ಬೇಸಿಗೆಯಲ್ಲಿ, ಎಂಬತ್ತೈದನೇ ವಯಸ್ಸಿನಲ್ಲಿ, ಲೋಪೆಜ್ ಮ್ಯಾಡ್ರಿಡ್ಡಿನ ಪುಯೆರ್ತಾ ದೆಲ್ ಸೋಲ್ ಚೌಕದ ನಡುವೆ ಈಸಲ್ ಇಟ್ಟುಕೊಂಡು ನಿಂತಿದ್ದರು. ಬೆನ್ನ ಹಿಂದೆ ಜನವೋ ಜನ. ಅವರ ಕಣ್ಣು ಎದುರಿನ ಕಟ್ಟಡದ ಮೇಲಿತ್ತು.

ಮುಂದಿನ ಸಲ ಆ ಖಾಲಿ ಬೀದಿಯ ಚಿತ್ರ ಹಂಚೋದಿದ್ದರೆ ‘ಫೋಟೋ ಅಲ್ಲ’ ಎಂಬ ಸಾಲು ತೆಗೆದು ಇದನ್ನ ಹಾಕಿ: ಆಂಟೋನಿಯೋ ಲೋಪೆಜ್ ಗಾರ್ಸಿಯಾ, ಗ್ರಾನ್ ವಿಯಾ, ಎಣ್ಣೆಬಣ್ಣ, 1974–1981. ಎರಡೂ ಇಸವಿ ಇರಲಿ. ಮಧ್ಯದ ಗೀಟನ್ನೂ ಬಿಡಬೇಡಿ.