ನಾನೇ ಹೋಗಿ ಚುಚ್ಚಿಸಿಕೊಂಡೆ

ನಾನು ಕತ್ತಿ ಹಿಡಿದದ್ದು 43ನೇ ವಯಸ್ಸಿನಲ್ಲಿ. ಶೌರ್ಯದಿಂದ ಅಲ್ಲ. ಮಗನನ್ನು ಫೆನ್ಸಿಂಗ್ ಕ್ಲಾಸಿಗೆ ಸೇರಿಸಿದ್ದೆ, ಅವನು ಎರಡೇ ವಾರಕ್ಕೆ ಬಿಟ್ಟ. ಮೂರು ತಿಂಗಳ ಫೀಸು ಕಟ್ಟಿಯಾಗಿತ್ತು. ದುಡ್ಡು ದಂಡ ಆಗಬಾರದಲ್ವಾ? ನಾನು ಹೋದೆ.

ಫೆನ್ಸಿಂಗಿನಲ್ಲಿ ಮೂರು ಬಗೆಯ ಕತ್ತಿಗಳಿವೆ. ನಮ್ಮ ಭವಾನಿ ದೇವಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಆಡಿದ್ದು ಸೇಬರ್. ಅದು ಸರಸರ ಮುಗಿಯುವ ಆಟ. ನನ್ನ ಪಾಲಿಗೆ ಬಂದದ್ದು ಎಪೆ. ಇಲ್ಲಿ ತಲೆಯಿಂದ ಕಾಲ್ಬೆರಳಿನ ತನಕ ಎಲ್ಲಿ ಚುಚ್ಚಿದರೂ ಪಾಯಿಂಟು. ಮೊದಲು ನುಗ್ಗಿದವರು ಯಾರು ಅನ್ನುವ ಲೆಕ್ಕವೇ ಇಲ್ಲ. ಸೆಕೆಂಡಿನ 25ರಲ್ಲಿ ಒಂದು ಪಾಲಿನೊಳಗೆ ಇಬ್ಬರೂ ಚುಚ್ಚಿದರೆ ಇಬ್ಬರಿಗೂ ಪಾಯಿಂಟು. ನುಗ್ಗುವುದರಿಂದ ವಿಶೇಷ ಲಾಭವಿಲ್ಲ, ಹಾಗಾಗಿ ತಿಳಿದವರು ಕಾಯುತ್ತಾರೆ.

ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ಕುಕ್ಕರ್ ಆರುವ ಮೊದಲೇ ಚಮಚದಲ್ಲಿ ವೆಯ್ಟ್ ಎತ್ತಿ, ಅಡುಗೆಮನೆಯ ತಾರಸಿಗೆ ತೊಗರಿಬೇಳೆ ಬಳಿದವನು ನಾನು. ಆ ಕಲೆ ಈಗಲೂ ಇದೆ. ನೆಂಟರು ಬಂದಾಗಲೆಲ್ಲ ನನ್ನ ಹೆಂಡತಿ ಅದನ್ನು ತೋರಿಸುತ್ತಾಳೆ.

ಎದುರಾಳಿ ಒಂಬತ್ತನೇ ಕ್ಲಾಸಿನ ಹುಡುಗಿ. 15 ಪಾಯಿಂಟಿನ ಬೌಟು. ಶುರುವಾದ ತಕ್ಷಣ ನುಗ್ಗಿ ಅವಳ ಭುಜಕ್ಕೆ ಸರಿಯಾಗಿ ಚುಚ್ಚಿದೆ. ಕತ್ತಿ ಚೆಂದವಾಗಿ ಬಾಗಿತು. ಎಡಗೈ ಎತ್ತಿ ಒಂದು ಕೂಗು ಹಾಕಿದೆ. ಲೈಟು ಹತ್ತಲಿಲ್ಲ. ತುದಿಯ ಬಟನ್ ಮೇಲೆ 750 ಗ್ರಾಂಗಿಂತ ಜಾಸ್ತಿ ಒತ್ತಡ ಬಿದ್ದರೆ ಲೈಟು ಹತ್ತಬೇಕು. ನಾನು ಚುಚ್ಚಿದ ರಭಸಕ್ಕೆ ಹಲಸಿನಹಣ್ಣೇ ಬಿರಿಯುತ್ತಿತ್ತು. ಮಷೀನ್ ಕೆಟ್ಟಿದೆ ಅಂತ ಕೋಚ್ ಹತ್ತಿರ ಜಗಳಕ್ಕೇ ನಿಂತೆ.

"ಅಂಕಲ್, ವೈರ್" ಅಂದಳು ಹುಡುಗಿ.

ಕತ್ತಿಯ ಹಿಡಿಗೆ ಸಿಕ್ಕಿಸಬೇಕಾದ ವೈರು ನನ್ನ ತೋಳಿನಿಂದ ಇಳಿದು ಸುಮ್ನೆ ಜೋತಾಡುತ್ತಿತ್ತು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಅವಳು ಹೊಡೆಯಲಿಲ್ಲ. ನಿಂತಲ್ಲೇ ತೋಳು ನೀಡಿದಳು ಅಷ್ಟೇ. ನಾನು ಓಡಿ ಹೋಗಿ ಆ ತುದಿಗೆ ನನ್ನ ಮಣಿಕಟ್ಟು ಒಪ್ಪಿಸಿದೆ. ಮತ್ತೆ ಓಡಿದೆ, ಮೊಣಕೈ ಒಪ್ಪಿಸಿದೆ. ಎಪೆಯಲ್ಲಿ ಎದುರಾಳಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಕತ್ತಿ ಹಿಡಿದ ಕೈಯೇ ಅಂತ ಕೋಚ್ ಮೊದಲ ದಿನವೇ ಹೇಳಿದ್ದರು. ಬುದ್ಧಿವಂತಿಕೆ ಮಾಡೋಣ ಅಂತ ಒಮ್ಮೆ ಅವಳ ಕಾಲ್ಬೆರಳಿಗೆ ಗುರಿ ಇಟ್ಟೆ. ನೆಲಕ್ಕೆ ಚುಚ್ಚಿದೆ. ಅವಳು ಮೇಲಿನಿಂದ ನನ್ನ ಮಾಸ್ಕಿನ ನೆತ್ತಿಗೆ ಒಂದು ಕೊಟ್ಟಳು, ದೇವಸ್ಥಾನದಲ್ಲಿ ತಲೆಗೆ ಶಠಾರಿ ಇಟ್ಟ ಹಾಗೆ.

ವಿರಾಮಕ್ಕೆ 4-14. ಕೋಚ್ ನೀರು ಕೊಟ್ಟು ಧೈರ್ಯ ತುಂಬಿದರು. "ಸರ್, 2016ರ ರಿಯೊ ಫೈನಲ್. ಕೊರಿಯಾದ ಪಾರ್ಕ್ ಸಾಂಗ್-ಯಂಗ್ 10-14ರಲ್ಲಿದ್ದರು. ಇಬ್ಬರಿಗೂ ಒಂದೇ ಸಲ ಲೈಟು ಹತ್ತಿದ್ದರೂ ಹಂಗೇರಿಯ ಗೇಜಾ ಇಮ್ರೆಗೆ ಚಿನ್ನ ಸಿಕ್ಕಿಬಿಡುತ್ತಿತ್ತು. ಅಂಥದ್ದರಲ್ಲಿ ಸತತ ಐದು ಪಾಯಿಂಟ್ ತೆಗೆದು ಪಾರ್ಕ್ 15-14ರಲ್ಲಿ ಗೆದ್ದರು. ನೀವೂ ನುಗ್ಗಬೇಡಿ, ದೂರ ಕಾಯ್ದುಕೊಳ್ಳಿ."

ಇಮ್ರೆಗೆ ಆಗ 41 ವರ್ಷವಂತೆ. ನನಗೆ ಪಾರ್ಕ್‌ಗಿಂತ ಆ ಮನುಷ್ಯನ ಮೇಲೇ ಕರುಳು ಚುರುಕ್ ಅಂದಿತು. ಇರಲಿ.

ಕಾಯ್ದೆ. ಜೀವನದಲ್ಲಿ ಮೊದಲ ಸಲ. ಅವಳು ಒಂದು ಹೆಜ್ಜೆ ಮುಂದೆ ಬಂದರೆ ನಾನು ಒಂದು ಹೆಜ್ಜೆ ಹಿಂದೆ. ತೋಳು ನೀಡಲಿಲ್ಲ, ಮುಂಗಾಲು ಚಾಚಿ ಲಂಜ್ ಹಾಕಲಿಲ್ಲ. ನಮ್ಮ ನಡುವೆ ಅಳತೆ ಇಟ್ಟ ಹಾಗೆ ಅದೇ ದೂರ. ಅವಳ ಮುಖ ಮಾಸ್ಕಿನೊಳಗೆ ಕಾಣಲಿಲ್ಲ, ಆದರೆ ಗಲಿಬಿಲಿಗೊಂಡಿದ್ದಾಳೆ ಅಂತ ನನಗೆ ಖಾತ್ರಿಯಾಯಿತು. ಇನ್ನೊಂದು ಹೆಜ್ಜೆ. ಇನ್ನೊಂದು.

"ನಿಲ್ಲಿ!" ಅಂದರು ಕೋಚ್. "15. ಬೌಟ್ ಮುಗಿಯಿತು."

ತಿರುಗಿ ನೋಡಿದೆ. ಪಿಸ್ಟ್, ಅಂದರೆ ನಾವು ಆಡುವ ಪಟ್ಟಿ, ಇರುವುದು 14 ಮೀಟರ್. ಹಿಂದಿನ ಗೆರೆಯಿಂದಾಚೆ ಎರಡೂ ಕಾಲು ಹೋದರೆ ಎದುರಾಳಿಗೆ ಒಂದು ಪಾಯಿಂಟು. ನಾನು ಗೆರೆ ದಾಟಿ, ನೀರಿನ ಕ್ಯಾನಿಗೆ ಒರಗಿಕೊಂಡು, ತುಂಬಾ ತಾಳ್ಮೆಯಿಂದ ನಿಂತಿದ್ದೆ.

ಹುಡುಗಿ ಮಾಸ್ಕ್ ತೆಗೆದು ಕೈ ಕುಲುಕಿದಳು. "ಸಾರಿ ಅಂಕಲ್, ನಾನು ಈ ಸಲ ಮುಟ್ಟಲೇ ಇಲ್ಲ."