ಹುಲಿ ಕಾರ್ಡು ಒಂದೇ ಸಾಕು

ಕಾಡಲ್ಲಿ ಯಾರು ಯಾರನ್ನು ತಿಂದು ಬದುಕ್ತಾರೆ ಅಂತ ಮಕ್ಕಳಿಗೆ ಕಲಿಸೋ ಕಾರ್ಡಾಟದ ಲೇಖನದಲ್ಲಿ, ಮರ, ಜಿಂಕೆ, ಹುಲಿ ಎಲ್ಲಕ್ಕೂ ಒಂದೇ ಸಂಖ್ಯೆಯಲ್ಲಿ ಕಾರ್ಡು ಮಾಡಿ ಅಂತಿದೆ. ಆಟ ಕೆಡೋದೇ ಅಲ್ಲಿ. ಎರಡು ಸುತ್ತಿಗೆ ಜಿಂಕೆ ಖಾಲಿ, ಹುಲಿ ಹಿಡಿದವರು ಸುಮ್ಮನೆ ಕೂರ್ತಾರೆ. 40 ಕಾರ್ಡಿನ ಕಟ್ಟಿಗೆ 22 ಗಿಡಮರ, 10 ಸಸ್ಯಾಹಾರಿ, 4 ಸಣ್ಣ ಬೇಟೆಗಾರ, 2 ಗೆದ್ದಲು-ಅಣಬೆ, 1 ಅತ್ತಿ ಕಣಜ, 1 ಹುಲಿ ಇಡಿ. (ಹುಲಿಗೆ ಜಗಳ ಗ್ಯಾರಂಟಿ, ಚೀಟಿ ಎತ್ತಿಸಿ.) ಸತ್ತ ಕಾರ್ಡು ಗಿಡವಾಗಿ ವಾಪಸ್ ಬರೋದು ಗೆದ್ದಲು, ಅಣಬೆ ಇದ್ದರೆ ಮಾತ್ರ. ಕಣಜ ಹೋದರೆ ಅತ್ತಿಗೆ ಪರಾಗಸ್ಪರ್ಶವಿಲ್ಲ, ಹಣ್ಣು ನಂಬಿದ ಮಂಗಟ್ಟೆ, ಬಾವಲಿಗೂ ಪೆಟ್ಟು. ಬೆಂಗಳೂರಿನ ಮಕ್ಕಳಿಗೆ ಅಮೆಜಾನ್ ಕಾಡು ಯಾಕೆ, ಬನ್ನೇರುಘಟ್ಟ ಸಾಕು: ಹುಲ್ಲು ಬೆಳೆಯೋಕೆ ಬಿಡದ ಲಂಟಾನ ಕಳೆಯ ಕಾರ್ಡು ಬಿದ್ದಾಗ ಎರಡು ಹುಲ್ಲಿನ ಕಾರ್ಡು ಮಗುಚಿಡಿ, ಜಿಂಕೆ ಹಿಡಿದವರೇ ಮೊದಲು ಕೂಗ್ತಾರೆ. ತೆಳು ಕಾಗದ ಬೇಡ, ಹಿಂದಿನಿಂದ ಚಿತ್ರ ಕಾಣುತ್ತೆ; 300 ಜಿಎಸ್‌ಎಂನ ದಪ್ಪ ಕಾಗದ ತಗೊಳ್ಳಿ.